ಫ್ರೇಮು ನೋಡಬೇಡಿ, ನಂಬರು ಕೇಳಿ

ಓದುಗರ ಪ್ರಶ್ನೆ, ಮನೋಚಿಕಿತ್ಸಕರ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪತ್ರ. ಬರೆದವರ ಊರು ಮಾತ್ರ ಬೇರೆ ಬೇರೆ. ಹಾಗಾಗಿ ಒಂದಕ್ಕೆ ಉದ್ದ ಉತ್ತರ, ಉಳಿದವಕ್ಕೆ ಗಿಡ್ಡ.

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ. ಆರು ತಿಂಗಳಿಂದ ನಿದ್ದೆ ಸರಿಯಿಲ್ಲ, ಸಣ್ಣ ಸಣ್ಣ ವಿಷಯಕ್ಕೂ ಎದೆ ಹೊಡೆದುಕೊಳ್ಳುತ್ತದೆ. ಮಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ ಹೋದಂತೆ. ಮಲಯಾಳ ಅರ್ಥವಾಗುತ್ತದೆ, ಮನಸ್ಸಿನ ವಿಷಯ ಹೇಳುವಷ್ಟು ಬಾರದು. ಆನ್‌ಲೈನಿನಲ್ಲಿ ಮಾತನಾಡುವ, ಲೈಸೆನ್ಸ್ ಇರುವ ಕನ್ನಡ ಕೌನ್ಸೆಲರ್ ಸಿಗಬಹುದೇ? ಇನ್‌ಸ್ಟಾಗ್ರಾಮಿನಲ್ಲಿ ಒಬ್ಬರು ‘ಸರ್ಟಿಫೈಡ್ ಥೆರಪಿಸ್ಟ್’ ಎಂದು ಹಾಕಿಕೊಂಡಿದ್ದಾರೆ. ಹಿಂದಿನ ಗೋಡೆಯಲ್ಲಿ ಏಳೆಂಟು ಸರ್ಟಿಫಿಕೇಟು ಕಾಣುತ್ತದೆ. ನಂಬಬಹುದೇ?

ಉತ್ತರ: ಗೋಡೆಯ ಫ್ರೇಮು ನೋಡಿ ನಂಬುವುದಾದರೆ ಪೇಟೆಯ ಸ್ಟುಡಿಯೋದವನನ್ನೂ ನಂಬಬೇಕು, ಕಟ್ಟು ಹಾಕಿಕೊಟ್ಟದ್ದು ಅವನೇ ಅಲ್ಲವೇ.

‘ಲೈಸೆನ್ಸ್ ಇರುವ ಕೌನ್ಸೆಲರ್’ ಎಂಬ ಮಾತು ಅಮೆರಿಕದಿಂದ ಬಂದದ್ದು. ಅಲ್ಲಿ ಒಂದೊಂದು ರಾಜ್ಯವೂ ಕೌನ್ಸೆಲರುಗಳಿಗೆ ಪರವಾನಗಿ ಕೊಡುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ. ಕೌನ್ಸೆಲರ್, ಥೆರಪಿಸ್ಟ್, ಕೋಚ್, ಹೀಲರ್ ಎಂಬ ಹೆಸರುಗಳಿಗೆ ಬೇಲಿಯೇ ಇಲ್ಲ. ನಾಳೆ ಬೆಳಿಗ್ಗೆ ಯಾರು ಬೇಕಾದರೂ ಬೋರ್ಡು ತೂಗುಹಾಕಬಹುದು. ಈ ವೃತ್ತಿಗಳಲ್ಲಿ ಹಲವನ್ನು ಒಂದು ಚೌಕಟ್ಟಿಗೆ ತರುವ ಕಾಯ್ದೆ 2021ರಲ್ಲಿ ಬಂದಿದೆ. ಆದರೆ ‘ಇವರ ಹೆಸರು ಅದರಲ್ಲಿ ಇದೆಯೇ’ ಎಂದು ನೀವು ಇವತ್ತು ಮೊಬೈಲ್ ಒತ್ತಿ ನೋಡಿ ಧೈರ್ಯ ತೆಗೆದುಕೊಳ್ಳುವ ಹಂತಕ್ಕೆ ಅದಿನ್ನೂ ಬಂದಿಲ್ಲ.

ಬೇಲಿ ಮುಖ್ಯವಾಗಿ ಇರುವುದು ಎರಡು ಕಡೆ. ಮೊದಲನೆಯದು ಮನೋವೈದ್ಯರದು, ಅಂದರೆ ಸೈಕಿಯಾಟ್ರಿಸ್ಟ್. ಎಂಬಿಬಿಎಸ್ ಮುಗಿಸಿ ಅದರ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಇವರ ನೋಂದಣಿ ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಇರುತ್ತದೆ, ಮದ್ದು ಬರೆಯುವ ಅಧಿಕಾರವೂ ಇರುತ್ತದೆ. ಎರಡನೆಯದು ಕ್ಲಿನಿಕಲ್ ಸೈಕಾಲಜಿಸ್ಟರದು. ಇವರದು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ, ಕೇಂದ್ರ ರಿಜಿಸ್ಟರು. ಇದುವರೆಗೆ ಹೆಚ್ಚಿನವರು ಅದಕ್ಕೆ ಬಂದದ್ದು ಎಂಎ, ಎಂಎಸ್‌ಸಿ ಆದ ಮೇಲೆ ಎರಡು ವರ್ಷದ ಎಂಫಿಲ್ ಮಾಡಿ. ಆ ಎರಡು ವರ್ಷ ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರು ರೋಗಿಗಳನ್ನು ನೋಡಿಯೇ ಕಳೆಯಬೇಕು. ಇವರು ಮಾತಿನ ಚಿಕಿತ್ಸೆ ಕೊಡುತ್ತಾರೆ, ಪರೀಕ್ಷೆ ಮಾಡುತ್ತಾರೆ, ಮದ್ದು ಬರೆಯುವುದಿಲ್ಲ. ಬರೆದರೆ ಅಲ್ಲಿಂದ ಎದ್ದು ಬನ್ನಿ. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರುಗಳು ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅವರ ನೋಂದಣಿ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ. ಕುಟುಂಬದೊಳಗಿನ ತಕರಾರಿಗೆ ಇವರಲ್ಲಿ ಒಳ್ಳೆಯವರು ಸಿಗುತ್ತಾರೆ, ಯಾರೂ ಹುಡುಕುವುದಿಲ್ಲ ಅಷ್ಟೆ.

ಈಗ ನಂಬರಿನ ವಿಷಯ. ಆರ್‌ಸಿಐ ಕೊಡುವ ಸಂಖ್ಯೆಗೆ ಸಿಆರ್‌ಆರ್ ನಂಬರ್ ಎನ್ನುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟರದು ಸಾಮಾನ್ಯವಾಗಿ ‘ಎ’ ಅಕ್ಷರದಿಂದ ಶುರು. ಅದನ್ನು ಕೇಳಿ ತೆಗೆದುಕೊಂಡು ಪರಿಷತ್ತಿನ ಜಾಲತಾಣದಲ್ಲಿ ನೀವೇ ಹುಡುಕಿ. ಅವರು ಕಳಿಸಿದ ಸ್ಕ್ರೀನ್‌ಶಾಟ್ ಸಾಲದು. ಹೆಸರು ಹಾಕಿ ಹುಡುಕಬೇಡಿ, ನಂಬರು ಹಾಕಿ. ನಮ್ಮ ಕಡೆಯ ಭಟ್, ಶೆಟ್ಟಿ, ರೈಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಮನೆ ಹೆಸರಿನ ಇನಿಶಿಯಲ್ಲು ಮುಂದೆಯೋ ಹಿಂದೆಯೋ ಎಂಬುದಕ್ಕೂ ನಿಯಮವಿಲ್ಲ. ಹೆಸರು ಸಿಗಲಿಲ್ಲವೆಂದು ಒಳ್ಳೆಯವರನ್ನು ಬಿಟ್ಟುಬಿಡುತ್ತೀರಿ.

ಹೆಸರು ಬಂದ ಕೂಡಲೇ ಮೊಬೈಲ್ ಮುಚ್ಚಬೇಡಿ. ಜನ ಬೀಳುವ ಹೊಂಡ ಇರುವುದು ಇಲ್ಲಿಯೇ. ಆ ರಿಜಿಸ್ಟರಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟರು ಮಾತ್ರ ಇರುವುದಲ್ಲ. ವಿಶೇಷ ಮಕ್ಕಳ ಶಿಕ್ಷಕರು, ಮಾತು ಕಲಿಸುವ ಸ್ಪೀಚ್ ಥೆರಪಿಸ್ಟರು, ಕೃತಕ ಕೈಕಾಲು ಮಾಡುವವರು, ಎಲ್ಲರೂ ಇದ್ದಾರೆ. ಎಲ್ಲರೂ ಗೌರವದ ಕೆಲಸದವರೇ. ಆದರೆ ವಿಶೇಷ ಶಿಕ್ಷಕರ ನಂಬರು ತೋರಿಸಿ ‘ಆರ್‌ಸಿಐ ಲೈಸೆನ್ಸ್ಡ್ ಥೆರಪಿಸ್ಟ್’ ಎಂದು ಹಾಕಿಕೊಂಡರೆ ಅದು ಅರ್ಧ ಸತ್ಯ, ಪೂರ್ತಿ ಮೋಸ. ಆದ್ದರಿಂದ ಹೆಸರಿನ ಎದುರು ವೃತ್ತಿ ಏನೆಂದು ಬರೆದಿದೆ ನೋಡಿ. ಆಮೇಲೆ ಅವಧಿ ನೋಡಿ: ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕಾಗಿ ತರಬೇತಿಯ ಅಂಕಗಳನ್ನೂ ಗಳಿಸಬೇಕು. ಅವಧಿ ಮುಗಿದಿದ್ದರೆ ಕೇಳಿ, ‘ಅರ್ಜಿ ಹಾಕಿದ್ದೇನೆ’ ಎಂದರೆ ಅರ್ಜಿಯ ರಶೀದಿ ಕೇಳಿ. ನೋಂದಣಿಯಿಲ್ಲದೆ ಈ ವೃತ್ತಿ ನಡೆಸಿದರೆ 1992ರ ಆರ್‌ಸಿಐ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸೆರೆ, ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ! ಅಷ್ಟು ಒಂದೇ ಸೆಷನ್ನಿನಲ್ಲಿ ದುಡಿಯುವವರು ಹೆದರುತ್ತಾರೆಯೇ? ಅದಕ್ಕೇ ಹೇಳುವುದು, ಕಾವಲು ನಿಮ್ಮದೇ.

ಐಎಸ್‌ಒ ಸರ್ಟಿಫಿಕೇಟು, ಉದ್ಯಮ ನೋಂದಣಿ, ವಿದೇಶದ ಯಾವುದೋ ಬೋರ್ಡಿನ ಮುದ್ರೆ, ವಾರಾಂತ್ಯದ ಹಿಪ್ನಾಟಿಸಂ ಕೋರ್ಸು, ಹೆಸರಿನ ಹಿಂದೆ ಗೌರವ ಡಾಕ್ಟರೇಟಿನ ‘ಡಾ.’, ಇವು ಯಾವುವೂ ಲೆಕ್ಕಕ್ಕಿಲ್ಲ. ಅಂಗಡಿ ತೆರೆಯಲೂ ಉದ್ಯಮ ನೋಂದಣಿ ಮಾಡುತ್ತಾರೆ.

ಹಾಗಾದರೆ ನಂಬರಿಲ್ಲದ ಕೌನ್ಸೆಲರುಗಳೆಲ್ಲ ಕಳ್ಳರೇ? ಅಲ್ಲ. ಎಂಎಸ್‌ಸಿ ಸೈಕಾಲಜಿಯೋ ಎಂಎಸ್‌ಡಬ್ಲ್ಯೂವೋ ಮಾಡಿ, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಕೆಲಸ ಮಾಡಿದ ಒಳ್ಳೆಯ ಆಪ್ತಸಮಾಲೋಚಕರು ಇದ್ದಾರೆ. ಪರೀಕ್ಷೆಯ ಭಯ, ಗಂಡ ಹೆಂಡತಿಯ ಮಾತುಕತೆ ನಿಂತುಹೋದದ್ದು, ಮನೆಯಲ್ಲಿ ಸಾವಾದ ಮೇಲಿನ ದುಃಖ, ಇದಕ್ಕೆಲ್ಲ ಅವರು ಸಾಕು. ಆದರೆ ಆರು ತಿಂಗಳು ನಿದ್ದೆಗೆಟ್ಟು ಎದೆ ಹೊಡೆದುಕೊಳ್ಳುತ್ತಿದೆ ಎಂದರೆ ನೀವು ಮೊದಲು ಹೋಗಬೇಕಾದ್ದು ಡಾಕ್ಟರಲ್ಲಿಗೆ. ಥೈರಾಯ್ಡ್, ರಕ್ತಹೀನತೆ ನೋಡಲಿ. ಥೈರಾಯ್ಡ್ ಹೆಚ್ಚಾಗಿ ಎದೆ ಹೊಡೆದುಕೊಳ್ಳುವುದನ್ನು ಮಾತಿನಿಂದ ವಾಸಿ ಮಾಡಲು ಕೂತರೆ ದುಡ್ಡು ಹೋಗುತ್ತದೆ, ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಈ ವಿಷಯ ಕೇಳದೆಯೇ ಸೆಷನ್ ಶುರು ಮಾಡುವವರು ನನಗೆ ಆಗಿಬರುವುದಿಲ್ಲ.

ಎಲ್ಲಿ ಹುಡುಕುವುದು? ಜಾಹೀರಾತಿನಲ್ಲಿ ಅಲ್ಲ. ಮಂಗಳೂರು, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಕ್ಕೆ ಫೋನು ಮಾಡಿ, ‘ಕ್ಲಿನಿಕಲ್ ಸೈಕಾಲಜಿಸ್ಟ್ ಯಾರಿದ್ದಾರೆ, ಮೊದಲ ಸಲ ಬಂದು ಆಮೇಲೆ ಆನ್‌ಲೈನ್ ಮುಂದುವರಿಸಬಹುದೇ’ ಎಂದು ಕೇಳಿ. ಒಂದು ಸಲ ಮುಖಾಮುಖಿ, ಉಳಿದದ್ದು ಫೋನಿನಲ್ಲಿ: ಗಡಿಯ ಈಚೆಗಿನವರಿಗೆ ನಾನು ಹೇಳುವ ಕ್ರಮ ಇದು. ತಲಪಾಡಿ ದಾಟಿದರೆ ರಾಜ್ಯ ಬೇರೆ, ಕಾನೂನು ತೊಡಕಾಗಬಹುದು ಎಂದು ಹಲವರು ಬರೆಯುತ್ತಾರೆ. ಆಗುವುದಿಲ್ಲ. 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯ ರೋಗಿಯನ್ನೂ ಆನ್‌ಲೈನಿನಲ್ಲಿ ನೋಡಬಹುದು. ಆರ್‌ಸಿಐಯದಂತೂ ಕೇಂದ್ರದ ರಿಜಿಸ್ಟರು, ಅದಕ್ಕೆ ಚೆಕ್‌ಪೋಸ್ಟಿಲ್ಲ. ಖರ್ಚು ಮಾಡುವ ಶಕ್ತಿಯಿಲ್ಲದಿದ್ದರೆ ಕಾಸರಗೋಡಿನಲ್ಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಇದ್ದಾರೆ. ಕನ್ನಡ ಬರುವವರು ಯಾವ ದಿನ ಎಲ್ಲಿ ಸಿಗುತ್ತಾರೆ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ.

ಸಿಕ್ಕಿದ ಮೇಲೆ ದುಡ್ಡು ಕಳಿಸುವ ಮೊದಲು ಒಂದು ಮೆಸೇಜು ಹಾಕಿ. ಇಷ್ಟು ಸಾಕು: ‘ನಮಸ್ಕಾರ. ನಿಮ್ಮ ನೋಂದಣಿ ಸಂಖ್ಯೆ ಯಾವುದು, ಯಾವ ಪರಿಷತ್ತಿನದು? ಆತಂಕ, ನಿದ್ದೆಯ ಸಮಸ್ಯೆಗೆ ಯಾವ ವಿಧಾನದ ಚಿಕಿತ್ಸೆ ಕೊಡುತ್ತೀರಿ? ಒಂದು ಸೆಷನ್ ಎಷ್ಟು ನಿಮಿಷ, ಎಷ್ಟು ಶುಲ್ಕ? ರದ್ದು ಮಾಡಿದರೆ ಹೇಗೆ? ತುರ್ತು ಬಂದರೆ ಏನು ಮಾಡುತ್ತೀರಿ?’ ನೋಂದಣಿ ಇರುವವರು ಇದಕ್ಕೆ ಬೇಸರಿಸುವುದಿಲ್ಲ. ‘ಮೊದಲು ಸೆಷನ್ ಬುಕ್ ಮಾಡಿ, ಆಮೇಲೆ ಹೇಳುತ್ತೇನೆ’ ಎಂದರೆ ಬೇಡ. ಆ್ಯಪ್‌ಗಳ ವಿಷಯವೂ ಹಾಗೆಯೇ: ಯಾರು ಮಾತನಾಡುತ್ತಾರೆ ಎಂಬುದನ್ನು ದುಡ್ಡು ಕಟ್ಟುವ ಮೊದಲು ತೋರಿಸದ ಆ್ಯಪ್ ಬೇಡ. ಹತ್ತು ಸೆಷನ್ನಿನ ಪ್ಯಾಕೇಜು ಒಟ್ಟಿಗೆ ಕೊಳ್ಳಲೇಬೇಡಿ. ಸೆಷನ್ ಸಾಮಾನ್ಯವಾಗಿ 45ರಿಂದ 60 ನಿಮಿಷ. ನಾಲ್ಕೈದು ಆದ ಮೇಲೂ ‘ನಾವು ಯಾವ ಗುರಿಗೆ ಹೋಗುತ್ತಿದ್ದೇವೆ’ ಎಂದು ಅವರಿಗೂ ನಿಮಗೂ ಹೇಳಲಾಗದಿದ್ದರೆ ಬದಲಾಯಿಸಿ.

ಭಾಷೆಯನ್ನು ನೀವಾಗಿಯೇ ಎತ್ತಿದ್ದು ಒಳ್ಳೆಯದಾಯಿತು. ‘ಕನ್ನಡ ಬರುತ್ತದೆ’ ಎನ್ನುವವರಲ್ಲಿ ಬೆಂಗಳೂರಿನ ಅರ್ಧ ಇಂಗ್ಲಿಷಿನವರೂ ಇರುತ್ತಾರೆ. ನಿಮಗೆ ಸಿಟ್ಟು ನೆತ್ತಿಗೇರಿದಾಗ ಬಾಯಿಗೆ ಬರುವುದು ಹವ್ಯಕವೋ, ತುಳುವೋ, ಶಾಲೆಯ ಕನ್ನಡವೋ? ಆ ಭಾಷೆ ಕೇಳಿದರೆ ಅರ್ಥವಾಗುವವರು ಬೇಕು; ಅವರು ಉತ್ತರವನ್ನು ಕನ್ನಡದಲ್ಲೇ ಕೊಡಲಿ, ಅಡ್ಡಿಯಿಲ್ಲ. ಮಂಗಳೂರಿನ ಕಡೆಯವರಲ್ಲಿ ಇದು ಸುಲಭ. ಆದರೆ ಎಚ್ಚರ, ಅವರು ನಿಮ್ಮ ಅತ್ತಿಗೆಯ ತವರಿನ ಕಡೆಯವರೂ ಆಗಿರಬಹುದು. ಸಂಬಂಧಿಕರು, ಪರಿಚಯಸ್ಥರು ಚಿಕಿತ್ಸೆಗೆ ಬೇಡ.

ಇನ್ನು ಜಾಗ. ಕೂಡುಕುಟುಂಬದ ಮನೆಯಲ್ಲಿ ಜಗಲಿಯಲ್ಲಿ ಕೂತು ಆತಂಕದ ಬಗ್ಗೆ ಮಾತನಾಡಿದರೆ ಒಳಗಿನಿಂದ ಅಜ್ಜಿಯೇ ಉತ್ತರ ಕೊಡುತ್ತಾರೆ. ತೋಟಕ್ಕೆ ಹೋದರೆ ರೇಂಜಿಲ್ಲ. ನಿಲ್ಲಿಸಿದ ಕಾರಿನೊಳಗೆ ಕೂರುವುದು ಹಲವರಿಗೆ ಅನುಕೂಲ, ಗಾಜು ಏರಿಸಿ, ಮೈಕ್ ಇರುವ ಇಯರ್‌ಫೋನ್ ಹಾಕಿ. ಆದರೆ ಓಡಿಸುತ್ತಾ ಬೇಡ. ಹಿಂದಿನ ದಿನ ಅದೇ ಜಾಗದಿಂದ, ಅದೇ ಹೊತ್ತಿಗೆ ಯಾರಿಗಾದರೂ ವಿಡಿಯೋ ಕರೆ ಮಾಡಿ ನೋಡಿ. ಮಳೆಗಾಲದಲ್ಲಿ ಕರೆಂಟು ಹೋದರೆ ವೈಫೈಯೂ ಹೋಯಿತು. ವಿಡಿಯೋ ಕಡಿದರೆ ಎಷ್ಟು ನಿಮಿಷ ಕಾಯುವುದು, ಆಮೇಲೆ ಯಾರು ಯಾರಿಗೆ ಸಾದಾ ಫೋನು ಮಾಡುವುದು ಎಂದು ಮೊದಲೇ ಮಾತಾಡಿಕೊಳ್ಳಿ. ಅಳುತ್ತಿರುವಾಗ ಸ್ಕ್ರೀನು ಸ್ತಬ್ಧವಾದರೆ ಮತ್ತೆ ಅಲ್ಲಿಂದಲೇ ಹಿಡಿದು ಮಾತನಾಡುವುದು ಕಷ್ಟ.

ಕೊನೆಯದಾಗಿ, ನಿಮ್ಮ ಪೂರ್ತಿ ವಿಳಾಸ, ಹತ್ತಿರದ ಆಸ್ಪತ್ರೆ, ಮನೆಯ ಒಬ್ಬರ ನಂಬರು ಅವರ ಹತ್ತಿರ ಇರಲೇಬೇಕು. ಬೆಂಗಳೂರಿನಲ್ಲಿ ಕೂತವರಿಗೆ ಪೆರ್ಲ ಎಲ್ಲಿ, ಮುಳ್ಳೇರಿಯ ಎಲ್ಲಿ ಎಂದು ಗೊತ್ತಿರುವುದಿಲ್ಲ. ಇದನ್ನು ಕೇಳದೆ ಶುರು ಮಾಡುವವರು ಆನ್‌ಲೈನ್ ಕೆಲಸ ಕಲಿತಿಲ್ಲ. ಸಾಯಬೇಕೆಂಬ ಯೋಚನೆ ಬಂದರೆ ಮುಂದಿನ ವಾರದ ಸೆಷನ್ನಿಗೆ ಕಾಯಬೇಡಿ: 14416, ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ. ಕೈಯಲ್ಲಿ ವಿಷವೋ ಹಗ್ಗವೋ ಇದೆ ಎಂದಾದರೆ 112, ಅಥವಾ ಪಕ್ಕದ ಮನೆಯವರನ್ನು ಕರೆದು ನೇರ ಆಸ್ಪತ್ರೆ.

ಪ್ರಶ್ನೆ: ಮಗ ಒಪ್ಪುವುದಿಲ್ಲ. ಅವನಿಗೆ 23. ಅವನ ಫೋಟೋ, ಚಾಟ್ ಕಳಿಸಿದರೆ ಅವನಿಗೆ ಗೊತ್ತಾಗದಂತೆ ಕೌನ್ಸೆಲಿಂಗ್ ಕೊಡುತ್ತೀರಾ?

ಉತ್ತರ: ಇಲ್ಲ. ಬೇಕಿದ್ದರೆ ನೀವೇ ಒಂದೆರಡು ಸೆಷನ್ ತೆಗೆದುಕೊಳ್ಳಿ, ಅವನ ಹತ್ತಿರ ಹೇಗೆ ಮಾತನಾಡುವುದೆಂದು ಕಲಿಯಲು. ಅವನ ಚಾಟ್ ಕದ್ದು ಓದುವುದನ್ನು ಮೊದಲು ನಿಲ್ಲಿಸಿ.

ಪ್ರಶ್ನೆ: ಯಜಮಾನರ ಕುಡಿತ ಬಿಡಿಸಲು ಊಟದಲ್ಲಿ ಬೆರೆಸುವ ಪುಡಿ ಆನ್‌ಲೈನಿನಲ್ಲಿ ಸಿಗುತ್ತದೆ. ಜೊತೆಗೆ ಫೋನಿನಲ್ಲಿ ಕೌನ್ಸೆಲಿಂಗ್ ಫ್ರೀ ಅಂತೆ.

ಉತ್ತರ: ಆ ಪುಡಿಯಲ್ಲಿ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಬಳಸುವ ಡೈಸಲ್ಫಿರಾಂ ಎಂಬ ಮದ್ದು ಇದ್ದು, ಅದರ ಮೇಲೆ ಅವರು ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೂ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಬುದ್ಧಿ ಕಲಕಬಹುದು. ಇದು ಆನ್‌ಲೈನ್ ಕೆಲಸವೇ ಅಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ, ಊರು ಕುಂಬಳೆ. ಊರಿನ ಸೈಕಾಲಜಿಸ್ಟ್ ಜೊತೆ ವಾಟ್ಸಾಪಿನಲ್ಲಿ ಮಾತನಾಡಬಹುದೇ?

ಉತ್ತರ: ಅಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಜೂಮ್ ಅಥವಾ ಟೀಮ್ಸ್ ಕೇಳಿ. ಇಲ್ಲಿನ ನೋಂದಣಿಗೆ ಅಲ್ಲಿ ಬೆಲೆಯಿಲ್ಲ, ಅಲ್ಲಿನ ಅನುಮತಿಯೇ ಬೇರೆ. ಹಾಗಾಗಿ ಕೆಲವರು ಒಪ್ಪುವುದಿಲ್ಲ, ಅವರನ್ನು ದೂರಬೇಡಿ. ಕೆಲಸ, ವೀಸಾದ ಲೆಕ್ಕಕ್ಕೆ ಸರ್ಟಿಫಿಕೇಟು ಬೇಕಿದ್ದರೆ ಅಲ್ಲಿನ ಪರವಾನಗಿ ಇರುವವರನ್ನೇ ನೋಡಬೇಕು.

ಪ್ರಶ್ನೆ: ನಿದ್ರೆ ಮಾತ್ರೆಯನ್ನು ಆನ್‌ಲೈನಿನಲ್ಲಿ ಬರೆಸಿಕೊಳ್ಳಬಹುದೇ?

ಉತ್ತರ: ನೀವು ಕೇಳುತ್ತಿರುವಂಥವು ಹೆಚ್ಚಿನವು ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯವು. ಹೊಸಬರಿಗೆ ಫೋನಿನಲ್ಲಿ ಬರೆದುಕೊಡುವವರನ್ನು ಹುಡುಕಬೇಡಿ.

ಪ್ರಶ್ನೆ: ಮನೆಯಲ್ಲಿ ಜೋಯಿಸರಲ್ಲಿ ಪ್ರಶ್ನೆ ಇಡಿಸಬೇಕು, ಅದು ಮುಗಿಯುವವರೆಗೆ ಮದ್ದು ನಿಲ್ಲಿಸಬೇಕು ಅನ್ನುತ್ತಾರೆ.

ಉತ್ತರ: ಪ್ರಶ್ನೆ ಇಡಿಸಿ, ನನ್ನ ತಕರಾರಿಲ್ಲ. ಮಾತ್ರೆ ಆ ದಿನ ಬೆಳಿಗ್ಗೆಯೂ ತೆಗೆದುಕೊಳ್ಳಿ.

ಪ್ರಶ್ನೆ: ಸೆಷನ್ ತೆಗೆದುಕೊಂಡದ್ದು ಮುಂದೆ ಪಾಸ್‌ಪೋರ್ಟಿಗೆ, ಮದುವೆಗೆ ತೊಂದರೆಯಾಗಬಹುದೇ?

ಉತ್ತರ: ಪಾಸ್‌ಪೋರ್ಟ್ ಕಚೇರಿಗೆ ಯಾರೂ ಪಟ್ಟಿ ಕಳಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಗುಟ್ಟನ್ನು ಕಾಯುತ್ತದೆ. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಮಾತ್ರ ಬಾಯಿ ಬಿಡಬೇಕಾಗುತ್ತದೆ, ಅದನ್ನು ಮೊದಲ ಸೆಷನ್ನಿನಲ್ಲೇ ಹೇಳಬೇಕು. ಮದುವೆಯ ವಿಷಯ ನನಗಲ್ಲ, ಬ್ರೋಕರಿಗೆ ಬರೆಯಿರಿ.