ಸಾಲ ಇದ್ದವರಿಗೂ ಮರ್ಯಾದೆ ಇದೆ

ಕೊಡಗಿನ ಸುಂಟಿಕೊಪ್ಪದ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಹೀಗೆ ಬರೆದಿದ್ದಾರೆ: "ಮೈಕ್ರೋಫೈನಾನ್ಸ್‌ನವರ ಕಾಟದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ನಮ್ಮ ಮನೆ ಹತ್ತಿರ ತೋಟದ ಕೂಲಿಯವರಿರುವ ಲೈನ್ ಮನೆಗೆ ಕಲೆಕ್ಷನ್ ಹುಡುಗರು ರಾತ್ರಿ ಎಂಟಕ್ಕೆ ಬಂದು ಕೂರುತ್ತಾರೆ. ನೋಡಿದರೆ ಬೇಜಾರಾಗುತ್ತದೆ, ನಿಜ. ಆದರೆ ಸಾಲ ತಗೊಳ್ಳುವಾಗ ಇದ್ದ ಉತ್ಸಾಹ ಕಟ್ಟುವಾಗಲೂ ಇರಬೇಕಲ್ವಾ? ನೀವು ಸಾಲಗಾರರನ್ನು ಎತ್ತಿಕಟ್ಟಿದರೆ ನಾಳೆ ಬಡವರಿಗೆ ಯಾರು ಸಾಲ ಕೊಡುತ್ತಾರೆ?"

ಸಾಲ ತೀರಿಸಬೇಕು ಸಾರ್, ಅದರಲ್ಲಿ ಎರಡು ಮಾತಿಲ್ಲ. ಬಾಕಿ ಬರದಿದ್ದರೆ ಸಂಘದ ಗತಿ ಏನಾಗುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಆ ಹುಡುಗರು ರಾತ್ರಿ ಎಂಟಕ್ಕೇ ಯಾಕೆ ಬರುತ್ತಾರೆ, ಯೋಚಿಸಿದ್ದೀರಾ? ಆ ಹೊತ್ತಿಗೆ ಇಡೀ ಲೈನಿನವರು ಮನೆ ಸೇರಿರುತ್ತಾರೆ. ಬೈದದ್ದು ಎಲ್ಲರಿಗೂ ಕೇಳಿಸಬೇಕು. ಅವರ ಕೈಲಿರುವ ಆಯುಧ ಅದೊಂದೇ, ನಾಚಿಕೆ.

ರಿಸರ್ವ್ ಬ್ಯಾಂಕಿನ 2022ರ ಮೈಕ್ರೋಫೈನಾನ್ಸ್ ನಿಯಮ ಕೈಹಾಕುವುದೂ ಇಲ್ಲಿಗೇ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಹೆದರಿಸುವಂತಿಲ್ಲ. ನೆಂಟರಿಗೆ, ಜೊತೆ ಕೆಲಸದವರಿಗೆ ಕಾಟ ಕೊಡುವಂತಿಲ್ಲ. ಸಾಲಗಾರರ ಹೆಸರು ಎಲ್ಲರಿಗೂ ಕಾಣುವ ಹಾಗೆ ಹಾಕುವಂತಿಲ್ಲ. ಕಂತು ಕಟ್ಟುವ ಜಾಗವನ್ನು ಇಬ್ಬರೂ ಸೇರಿ ಗೊತ್ತುಮಾಡಬೇಕು. ಅಲ್ಲಿಗೆ ಸತತ ಎರಡು ಸಲ ಬರದಿದ್ದರೆ ಮಾತ್ರ ಮನೆ ಬಾಗಿಲಿಗೆ ಹೋಗಬಹುದು. ನಿಮ್ಮ ಪಕ್ಕದ ಮನೆಯವರಿಗೆ ಇದನ್ನು ಯಾರಾದರೂ ಹೇಳಿದ್ದಾರಾ?

ಸಿದ್ದಾಪುರದ ಹತ್ತಿರ ಒಂದು ಲೈನ್ ಮನೆಯಲ್ಲಿ ಅಕ್ಕ ಒಬ್ಬರು ನನಗೆ ತಮ್ಮ ಲೋನ್ ಕಾರ್ಡ್ ತೋರಿಸಿದರು. ಒದ್ದೆಯಾಗದಿರಲಿ ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದರು. ಕಟ್ಟಿದ ಒಂದೊಂದು ಕಂತಿಗೂ ಸಹಿ ಇತ್ತು. ದೂರು ಕೊಡಬೇಕಾದ ನಂಬರ್ ಹಿಂಬದಿಯಲ್ಲಿ ಕನ್ನಡದಲ್ಲೇ ಅಚ್ಚಾಗಿತ್ತು. ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕಾರ್ಡ್ ಕೊಡಬೇಕೆಂಬುದೂ ನಿಯಮವೇ. ಆದರೆ ಆ ಮಗ್ಗುಲನ್ನು ಓದಿ ಹೇಳುವವರು ಆ ಮನೆಗೆ ಬಂದಿರಲಿಲ್ಲ. ಬಂದವರು ಹೇಳಿದ್ದು ಬೇರೆ: "ಆಧಾರ್ ಲಾಕ್ ಮಾಡಿಸ್ತೀವಿ, ರೇಷನ್ ನಿಲ್ಲಿಸ್ತೀವಿ, ಪೊಲೀಸರನ್ನ ಕಳಿಸ್ತೀವಿ."

ಮೂರೂ ಸುಳ್ಳು. ಕೊಡಲು ಇಲ್ಲದಿರುವುದು ಅಪರಾಧ ಅಲ್ಲ. ಬರೀ ಬಡತನಕ್ಕಾಗಿ ಸಾಲಗಾರನನ್ನು ಜೈಲಿಗೆ ಹಾಕಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಆ ತೀರ್ಪು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ಸಾಲ ಕಟ್ಟಬೇಕೆಂದು ಕೋರ್ಟಿನಲ್ಲಿ ಡಿಕ್ರಿ (ಆದೇಶ) ಆದರೂ ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ಕೂಲಿಯವರ ಕೂಲಿ, ಇವನ್ನು ಜಪ್ತಿ ಮಾಡುವಂತಿಲ್ಲ. ಆದರೆ ಚೆಕ್ ಬೌನ್ಸ್ ಆದರೆ ಕ್ರಿಮಿನಲ್ ಕೇಸ್ ಆಗಬಹುದು. ಅದಕ್ಕೇ ಕೈಸಾಲದವರು ಖಾಲಿ ಚೆಕ್ಕಿಗೆ ಸಹಿ ಕೇಳುವುದು. ದಯವಿಟ್ಟು ಯಾರೂ ಕೊಡಬೇಡಿ.

ಉತ್ಸಾಹದ ಮಾತಿಗೆ ಬರೋಣ. ಕೊಡಗಿನಲ್ಲಿ ಕೂಲಿಯವರ ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಕಾಫಿ ಕೊಯ್ಲಿನಲ್ಲಿ, ಆಮೇಲೆ ಕರಿಮೆಣಸು ಕೊಯ್ಯುವಾಗ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ವಾರಕ್ಕೆ ಎರಡು ಮೂರು ದಿನ ಕೆಲಸ ಸಿಕ್ಕರೆ ಪುಣ್ಯ. ಕಂತು ಮಾತ್ರ ವಾರ ತಪ್ಪದೆ ಬರುತ್ತದೆ. ನಿಮ್ಮ ಸಂಘದ ಬೆಳೆಸಾಲದ ಗಡುವು ಕೊಯ್ಲು ನೋಡಿಕೊಂಡೇ ಇರುತ್ತಿತ್ತಲ್ವಾ? ತೋಟ ಇದ್ದವರಿಗೆ ಸಿಕ್ಕ ಆ ತಿಳುವಳಿಕೆ ಅದೇ ತೋಟದಲ್ಲಿ ದುಡಿಯುವವರಿಗೆ ಯಾಕಿಲ್ಲ?

ಇದಕ್ಕಿಂತ ಹಳೆಯ ಸಾಲವೊಂದಿದೆ, ಅದರ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಮಾತಾಡುವವರೇ ಕಡಿಮೆ. ತೋಟದ ಮುಂಗಡ. ಮದುವೆಗೋ ಆಸ್ಪತ್ರೆಗೋ ಸಾಹುಕಾರರ ಹತ್ತಿರ ತಗೊಂಡ ಹಣ. "ಅದು ತೀರುವ ತನಕ ಬೇರೆ ತೋಟಕ್ಕೆ ಹೋಗಬೇಡ" ಎಂಬ ಮಾತನ್ನು ಎಷ್ಟು ಯರವ, ಜೇನುಕುರುಬ ಆದಿವಾಸಿ ಮನೆಗಳು ಕೇಳಿಲ್ಲ! ಸಾಲಕ್ಕಾಗಿ ಹೀಗೆ ಕಟ್ಟಿಹಾಕುವುದನ್ನು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ನಿಷೇಧಿಸಿದೆ. ಜೀತ ಎಂದು ಸಾಬೀತಾದರೆ ಆ ಸಾಲವೇ ರದ್ದು.

ದೊಡ್ಡ ಸಾಲಗಾರರನ್ನು ನೋಡಿ. ಕೋಟಿಗಟ್ಟಲೆ ಬಾಕಿ ಇಟ್ಟವರನ್ನು ಬ್ಯಾಂಕಿನವರೇ ಕರೆದು, ಕೂರಿಸಿ, ಒಂದೇ ಸಲ ಇಷ್ಟು ಕಟ್ಟಿ ಮುಗಿಸಿಬಿಡಿ ಎನ್ನುತ್ತಾರೆ. ಬೇಕೆಂದೇ ಸಾಲ ಕಟ್ಟದವರ ಜೊತೆಗೂ ಬ್ಯಾಂಕುಗಳು ಹೀಗೆ ರಾಜಿ ಮಾಡಿಕೊಳ್ಳಬಹುದು ಎಂದು 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕೇ ಹೇಳಿತು. ಅವರ ಮನೆ ಮುಂದೆ ರಾತ್ರಿ ಯಾರೂ ಕೂರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಮರ್ಯಾದೆಯಿಂದ ಮಾತಾಡಿದರೂ ಬ್ಯಾಂಕುಗಳು ಮುಳುಗಲಿಲ್ಲ, ಸಾಲ ಕೊಡುವುದೂ ನಿಲ್ಲಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಸುಮ್ನೆ ಬೇಜಾರು ಮಾಡಿಕೊಂಡು ಕೂರಬೇಡಿ ಸಾರ್. ಅರ್ಜಿ ಬರೆದು ಪಳಗಿದ ಕೈ ನಿಮ್ಮದು. ಆ ಮನೆಯವರ ಕಾರ್ಡ್ ತರಿಸಿ ನೋಡಿ. ಬಂದವರು ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಏನಂದರು, ಎಲ್ಲ ಬರೆದು ಮೊದಲು ಕಂಪನಿಗೆ ದೂರು ಕಳಿಸಿ. ನಕಲು ಇಟ್ಟುಕೊಳ್ಳಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿಗೆ) ಬರೆಯಬಹುದು, ಫೀಸ್ ಇಲ್ಲ. ವಿಚಾರಿಸಲು 14448ಕ್ಕೆ ಫೋನ್ ಮಾಡಿ. ಪೀಡಿಸುವವರು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಇಲ್ಲದ ಲೇವಾದೇವಿಯವರಾದರೆ ನೇರ ಪೊಲೀಸ್ ಠಾಣೆಗೆ ಹೋಗಿ. 2025ರಲ್ಲಿ ರಾಜ್ಯ ಸರ್ಕಾರ ತಂದ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಆ ಮನೆಯವರ ಜೊತೆ ನೀವೂ ಠಾಣೆಗೆ ಹೋಗಿ. ಅವರೊಬ್ಬರನ್ನೇ ಕಳಿಸಬೇಡಿ.

– ಸಂಪಾದಕ