ಫ್ಯಾನ್ಸಿ ಲೈಟಿನ ಸಣ್ಣ ವೈರನ್ನು ಮನೆಯ ವೈರಿಗೆ ಸೇರಿಸುವಾಗ ಸುತ್ತಿ ಟೇಪ್ ಹಾಕಿದರೆ ಸಾಕೇ?

ನೀವು ಕೇಳಿರುವುದು ಇಷ್ಟು: ಹಾಲ್‌ನ ಸೀಲಿಂಗಿನಿಂದ ಕೆಂಪು, ಕಪ್ಪು, ಹಸಿರು ಮೂರು ವೈರ್ ಇಳಿದಿವೆ. ತಂದಿರುವ ಲೈಟಿನಲ್ಲಿ ಕಂದು, ನೀಲಿ ಎರಡೇ ಸಣ್ಣ ವೈರ್. ಸುತ್ತಿ ಟೇಪ್ ಹಾಕಿದರೆ ಆಯಿತೇ, ಹಸಿರನ್ನು ಏನು ಮಾಡಬೇಕು?

ಟೇಪ್ ಸುತ್ತಿದ ಕೈಜಾಯಿಂಟ್ ಸರಿಯಾಗಿ ಮಾಡಿದರೆ ನಿಲ್ಲುತ್ತದೆ. ಆದರೆ ನಿಮ್ಮಲ್ಲಿ ಎರಡೂ ಕಡೆಯ ವೈರ್ ಒಂದೇ ದಪ್ಪದವಲ್ಲ. ಮನೆಯ ಲೈಟ್ ಪಾಯಿಂಟಿಗೆ ಸಾಮಾನ್ಯವಾಗಿ 1 ಅಥವಾ 1.5 ಚದರ ಮಿ.ಮೀ. ವೈರ್ ಎಳೆದಿರುತ್ತಾರೆ, ಫ್ಯಾನ್ಸಿ ಲೈಟಿನದು ಹೆಚ್ಚಾಗಿ 0.5, ಕೆಲವೊಮ್ಮೆ ಅದಕ್ಕಿಂತ ಸಣ್ಣದು. ಇವೆರಡನ್ನು ಸೇರಿಸಿ ತಿರುವಿದರೆ ದಪ್ಪನೆಯದು ನೆಟ್ಟಗೆ ನಿಂತುಬಿಡುತ್ತದೆ, ಸಣ್ಣದು ಅದರ ಮೇಲೆ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ. ನೋಡಲು ಗಟ್ಟಿ, ಎಳೆದರೆ ಕಾಲ್ಚೀಲದ ಹಾಗೆ ಜಾರಿ ಬರುತ್ತದೆ.

ಕೈ ಹಾಕುವ ಮೊದಲು ಕರೆಂಟ್ ತೆಗೆಯಬೇಕು. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚನ್ನು ಫೇಸಿಗೆ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗುವ ವೈರ್) ಕೊಟ್ಟಿರುವ ಮನೆಗಳಿವೆ. ಅಲ್ಲಿ ಲೈಟ್ ಆರಿದ್ದರೂ ಹೋಲ್ಡರ್‌ನಲ್ಲಿ ಪೂರ್ತಿ 230 ವೋಲ್ಟ್ ಇರುತ್ತದೆ. ಮೇನ್ ಬೋರ್ಡಿನ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇಳಿಸಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದೂ ಸಾಲದು. ಹಾಲ್‌ನ ಲೈಟು ಬಹುಪಾಲು ಯುಪಿಎಸ್ ಲೈನಿನಲ್ಲೇ ಇರುತ್ತದೆ, ಮೇನ್ ತೆಗೆದ ಕ್ಷಣವೇ ಬ್ಯಾಟರಿಯಿಂದ ಕರೆಂಟ್ ಬರಲು ಶುರು. ಯುಪಿಎಸ್ ಮುಂಭಾಗದ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಅದರ ಔಟ್‌ಪುಟ್ ಲೈನನ್ನೂ ಬಿಡಿಸಿ. ಕೆಲವು ಮನೆಗಳಲ್ಲಿ ಬೈಪಾಸ್ ಸ್ವಿಚ್ (ಯುಪಿಎಸ್ ಬಿಟ್ಟು ನೇರ ಮೇನ್ ಕರೆಂಟ್ ಕೊಡುವುದು) ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಆಮೇಲೆ ಟೆಸ್ಟರ್. ಮೊದಲು ಕರೆಂಟ್ ಇರುವ ಸಾಕೆಟ್‌ನಲ್ಲಿ ಹಿಡಿದು ಟೆಸ್ಟರ್ ಉರಿಯುತ್ತದೆಯೇ ನೋಡಿ, ನಂತರ ಸೀಲಿಂಗಿನ ಮೂರೂ ವೈರಿಗೆ ಹಿಡಿಯಿರಿ, ಮತ್ತೆ ಸಾಕೆಟ್‌ಗೆ. ಇಡೀ ಮನೆಯ ಕರೆಂಟ್ ತೆಗೆದಿದ್ದರೆ ಪಕ್ಕದ ಮನೆಯ ಅಥವಾ ಮೆಟ್ಟಿಲ ಬಳಿಯ ಸಾಕೆಟ್ ಬೇಕಾಗುತ್ತದೆ. ಮರದ ಸ್ಟೂಲ್ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತಾಗ ಟೆಸ್ಟರಿನ ದೀಪ ಎಷ್ಟು ಮಂಕಾಗುತ್ತದೆಂದರೆ ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ. ಮಲ್ಟಿಮೀಟರ್ ಸಿಕ್ಕರೆ ಅದನ್ನೇ ನಂಬಿ: ಕೆಂಪು–ಕಪ್ಪು, ಕೆಂಪು–ಹಸಿರು, ಕಪ್ಪು–ಹಸಿರು ಮೂರೂ ಜೋಡಿ ನೋಡಿ.

ಬಣ್ಣದಲ್ಲಿ ಮೋಸಹೋಗುವ ಜಾಗ ಒಂದಿದೆ. ನಮ್ಮ ಮನೆಗಳಲ್ಲಿ ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಲೈಟ್ ತಯಾರಿಸುವವರದು ಬೇರೆ ಲೆಕ್ಕ: ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ಥ್. ನಿಮ್ಮಲ್ಲಿ ಕೆಂಪಿಗೆ ಕಂದು, ಕಪ್ಪಿಗೆ ನೀಲಿ. ತ್ರೀ ಫೇಸ್ ಇರುವ ಮನೆಯ ಬೇರೆ ಕೋಣೆಯಲ್ಲಿ ಸೀಲಿಂಗಿನಿಂದಲೂ ನೀಲಿ ಇಳಿದಿದ್ದರೆ "ನೀಲಿಗೆ ನೀಲಿ" ಅಂತ ಸೇರಿಸಬೇಡಿ, ಅದು ಫೇಸ್ ಇರಬಹುದು.

ಹಸಿರಿನ ವಿಷಯ. ಲೈಟಿನ ಮೈ ಪೂರ್ತಿ ಪ್ಲಾಸ್ಟಿಕ್ ಆಗಿದ್ದರೆ, ಅಥವಾ ಲೇಬಲ್ ಮೇಲೆ ಚೌಕದೊಳಗೆ ಚೌಕದ ಗುರುತಿದ್ದರೆ ಅರ್ಥ್ ಬೇಡ. ಹಸಿರಿನ ತುದಿಗೆ ಒಂದು ಕನೆಕ್ಟರ್ ಹಾಕಿ ಸೀಲಿಂಗಿನ ಬಾಕ್ಸಿನೊಳಗೆ ಮಡಚಿಡಿ. ಕತ್ತರಿಸಿ ಬಿಸಾಡಬೇಡಿ, ಮುಂದಿನ ಲೈಟಿಗೆ ಬೇಕಾದೀತು. ಮೈ ಲೋಹದ್ದಾಗಿದ್ದರೆ ಒಳಗೆ ಅರ್ಥ್ ಸ್ಕ್ರೂ ಹುಡುಕಿ. ಲೋಹದ ಮೈ, ಸ್ಕ್ರೂ ಇಲ್ಲ, ಚೌಕದ ಗುರುತೂ ಇಲ್ಲ ಅಂದರೆ ನಾನಾದರೆ ಅಂಗಡಿಗೆ ವಾಪಸ್ ಕೊಡುತ್ತೇನೆ. ಹಸಿರನ್ನು ನ್ಯೂಟ್ರಲ್‌ಗೆ ಮಾತ್ರ ಯಾವತ್ತೂ ಸೇರಿಸಬೇಡಿ.

ಈಗ ಜಾಯಿಂಟ್. ನನ್ನ ಆಯ್ಕೆ ಲಿವರ್ ಕನೆಕ್ಟರ್, ಚಿಕ್ಕ ರೆಕ್ಕೆ ಎತ್ತಿ ವೈರ್ ತೂರಿಸಿ ಮುಚ್ಚುವುದು. ಎರಡು ರಂಧ್ರದ್ದು ಎರಡು ಸಾಕು, ಹಸಿರಿಗೊಂದು ಸೇರಿಸಿ ಮೂರು ತನ್ನಿ. ಎಷ್ಟು ಸುಲಿಯಬೇಕೆಂದು ಅದರ ಮೈಮೇಲೇ ಗುರುತಿರುತ್ತದೆ, ಸಾಮಾನ್ಯವಾಗಿ 10–11 ಮಿ.ಮೀ. ಹಲ್ಲಿನಿಂದ, ಬ್ಲೇಡಿನಿಂದ ಸುಲಿಯಬೇಡಿ. ಸಣ್ಣ ವೈರಿನ ನಾಲ್ಕೈದು ಎಳೆ ಅಲ್ಲೇ ತುಂಡಾಗುತ್ತವೆ. ಸೀಲಿಂಗಿನ ವೈರಿನ ತುದಿ ಕಪ್ಪಾಗಿದ್ದರೆ ಅಥವಾ ಕಿಲುಬು ಹಿಡಿದಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸದಾಗಿ ಸುಲಿಯಿರಿ.

ಲಿವರ್ ಸಿಗದಿದ್ದರೆ ಸ್ಕ್ರೂ ಇರುವ ಕನೆಕ್ಟರ್ ಪಟ್ಟಿ. ಇದರಲ್ಲಿ ಸಣ್ಣ ವೈರನ್ನು ಎರಡರಷ್ಟು ಸುಲಿದು, ಎಳೆಗಳನ್ನು ತಿರುವಿ, ಮಡಚಿ ತೂರಿಸಿ, ಆಗ ಸ್ಕ್ರೂಗೆ ಹಿಡಿಯಲು ಏನಾದರೂ ಸಿಗುತ್ತದೆ. ತುದಿಗೆ ಸೀಸ (ಸೋಲ್ಡರ್) ಹಾಕಿ ಗಟ್ಟಿ ಮಾಡುವ ಅಭ್ಯಾಸ ಇಲ್ಲಿ ಬೇಡ: ಸ್ಕ್ರೂವಿನ ಒತ್ತಡಕ್ಕೆ ಸೀಸ ನಿಧಾನವಾಗಿ ಹರಡಿ ಕೆಲವು ತಿಂಗಳಲ್ಲಿ ಲೂಸ್ ಆಗುತ್ತದೆ.

ಏನೂ ಸಿಗದೆ ಕೈಜಾಯಿಂಟೇ ಗತಿಯಾದರೆ ದಪ್ಪ ಸರಿದೂಗಿಸಿ. ಮನೆಯ ವೈರ್ 30 ಮಿ.ಮೀ., ಲೈಟಿನದು 60 ಮಿ.ಮೀ. ಸುಲಿದು ಲೈಟಿನದನ್ನು ಮಡಚಿ. ಅರ್ಧ ಚದರದ್ದು ಎರಡು ಸೇರಿ ಒಂದಾಯಿತು, ಮನೆಯ 1 ಚದರಕ್ಕೆ ಜೋಡಿ. ಎರಡನ್ನೂ ಪಕ್ಕಪಕ್ಕ ಹಿಡಿದು ಕಟಿಂಗ್ ಪ್ಲೇಯರ್‌ನಿಂದ ಐದಾರು ಸುತ್ತು ತಿರುವಿ. ಎರಡೂ ಒಂದರ ಮೇಲೊಂದು ಹೆಣೆದುಕೊಂಡಿರಬೇಕು, ಜಡೆಯ ಹಾಗೆ. ಚೂಪಾದ ತುದಿ ಕತ್ತರಿಸಿ. ಟೇಪನ್ನು ಸಿಪ್ಪೆಯ ಮೇಲೆ 2 ಸೆಂ.ಮೀ. ಹಿಂದಿನಿಂದ ಶುರು ಮಾಡಿ, ಎಳೆದು ಹಿಡಿದು, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ ಹೋಗಿ ವಾಪಸ್ ಬನ್ನಿ. ಕೊನೆಯ ಸುತ್ತನ್ನು ಎಳೆಯದೆ ಅಂಟಿಸಿ, ಎಳೆದರೆ ತುದಿ ಬಿಟ್ಟುಕೊಳ್ಳುತ್ತದೆ. ಎರಡು ಜಾಯಿಂಟ್ ಅಕ್ಕಪಕ್ಕ ಬರದಂತೆ ಒಂದನ್ನು ಮೂರು ಬೆರಳು ಹಿಂದೆ ಮಾಡಿ.

ಯಾವ ಜಾಯಿಂಟ್ ಆದರೂ ಪೈಪಿನೊಳಗೆ ಹೋಗಬಾರದು, ಬಾಕ್ಸಿನಲ್ಲೇ ಇರಬೇಕು. ಒಂದೊಂದೇ ವೈರ್ ಹಿಡಿದು ಎಳೆದು ನೋಡಿ. ಲೈಟಿನ ಭಾರ ವೈರಿನ ಮೇಲೆ ಬೀಳದಿರಲಿ. ಹಳೆ ಮನೆಯಾಗಿ ವೈರಿನ ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ ಕಂಡರೆ ತಾಮ್ರದೊಂದಿಗೆ ತಿರುವಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ.

ಜಾಯಿಂಟ್ ಲೂಸ್ ಇದ್ದರೆ ಎಂಸಿಬಿ ಬಿದ್ದು ಹೇಳುತ್ತದೆ ಅಂದುಕೊಳ್ಳಬೇಡಿ. ಲೂಸ್ ಜಾಯಿಂಟಿನಿಂದ ಕರೆಂಟ್ ಹೆಚ್ಚಾಗುವುದಿಲ್ಲ, ಆ ಜಾಗ ಮಾತ್ರ ಕಿಡಿ ಹಾರಿ ಬಿಸಿಯಾಗುತ್ತದೆ. ಎಂಸಿಬಿ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಎರಡಕ್ಕೂ ಅದು ಗೊತ್ತಾಗದು. ಲೈಟ್ ಮಿಣುಕುವುದು, ಸರ್ ಅನ್ನುವ ಸದ್ದು, ಸುಟ್ಟ ಪ್ಲಾಸ್ಟಿಕ್ ವಾಸನೆ, ಡ್ರೈವರ್ (ಎಲ್‌ಇಡಿಗೆ ಬೇಕಾದಂತೆ ಕರೆಂಟ್ ಕೊಡುವ ಡಬ್ಬಿ) ಪದೇ ಪದೇ ಕೆಡುವುದು, ಇಷ್ಟೇ ಸುಳಿವು. ಲೈಟ್ ಹಾಕಿದ ಕೂಡಲೇ ಆರ್‌ಸಿಸಿಬಿ ಬಿದ್ದರೆ ಮಾತ್ರ ಬೇರೆ ಕಥೆ: ಹೆಚ್ಚಾಗಿ ಬೇರೆ ಲೈನಿನ ನ್ಯೂಟ್ರಲ್ ಸೇರಿಸಿದ್ದೀರಿ ಅಥವಾ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿದೆ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಮಿಣಿಮಿಣಿ ಉರಿಯುತ್ತಿದ್ದರೆ ಮೊದಲು ಸ್ವಿಚ್ ನ್ಯೂಟ್ರಲ್‌ನಲ್ಲಿದೆಯೇ ಅಂತ ನೋಡಿಸಿ. ಇಲ್ಲವಾದರೆ ಸ್ವಿಚ್ಚಿನಲ್ಲಿರುವ ಇಂಡಿಕೇಟರ್ ದೀಪ ಅದಕ್ಕೆ ಕಾರಣವಿರಬಹುದು.