ಅಡುಗೆಮನೆ ಪ್ರಶ್ನೋತ್ತರ: ಬೆಳ್ಳುಳ್ಳಿ, ಎಣ್ಣೆ ಮತ್ತು ಸ್ಪಗೆಟಿ

ಪ್ರಶ್ನೆ: ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಾಗಲೆಲ್ಲ ಪಾಸ್ತಾ ಕೇಳುತ್ತಾಳೆ. ನಾನು ಈರುಳ್ಳಿ, ಟೊಮೆಟೊ, ಗರಂ ಮಸಾಲೆ ಹಾಕಿ ಮಾಡುತ್ತೇನೆ. ಚೆನ್ನಾಗಿದೆ ಎಂದು ತಿನ್ನುತ್ತಾಳೆ, ಆದರೆ "ಇದು ಇಟಲಿಯವರದ್ದಲ್ಲವ್ವಾ" ಎನ್ನುತ್ತಾಳೆ. ರಾಯಚೂರಿನ ಬಿಸಿಲಿನಲ್ಲಿ ಒಲೆಯ ಮುಂದೆ ಬಹಳ ಹೊತ್ತು ನಿಲ್ಲದೆ, ಇಟಲಿಯ ಮನೆಗಳಲ್ಲಿ ಮಾಡಿಕೊಳ್ಳುವಂಥ ಒಂದು ಪಾಸ್ತಾವನ್ನು ತಿಳಿಸಿಕೊಡುತ್ತೀರಾ? ನಾನು ಮಾಡಿದಾಗ ಎಳೆಗಳು ಅಂಟಿಕೊಂಡು ಮುದ್ದೆಯಾಗುತ್ತವೆ. ಅದಕ್ಕೂ ಪರಿಹಾರ ಬೇಕು.
– ಓದುಗರು, ರಾಯಚೂರು

ಉತ್ತರ: ತಾಯಿ, ನಿಮಗೆ ಬೇಕಾದದ್ದು ಸ್ಪಗೆಟಿ ಆಲ್ಯೊ ಎ ಓಲ್ಯೊ, ಅಂದರೆ ಬೆಳ್ಳುಳ್ಳಿ ಮತ್ತು ಎಣ್ಣೆ ಹಾಕಿದ, ಉದ್ದನೆಯ ಎಳೆಗಳ ಪಾಸ್ತಾ. ಇದು ದಕ್ಷಿಣ ಇಟಲಿಯ ನೇಪಲ್ಸ್ ಸೀಮೆಯ ಅಡುಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮನೆಯಲ್ಲಿ ತರಕಾರಿ ಮುಗಿದಿರುವ ದಿನ, ರಾತ್ರಿ ತಡವಾಗಿ ಮನೆಗೆ ಬಂದ ದಿನ ಅಲ್ಲಿಯ ಜನ ಮಾಡಿಕೊಳ್ಳುವ ಊಟ ಇದು. ಸ್ಪಗೆಟಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿ, ಉಪ್ಪು, ಇದ್ದರೆ ಒಂದಿಷ್ಟು ಪಾರ್ಸ್ಲಿ ಸೊಪ್ಪು, ಇಷ್ಟೇ ಸಾಮಾನು. ನೀರು ಕಾಯಲು ಇಟ್ಟ ಗಳಿಗೆಯಿಂದ ತಟ್ಟೆಗೆ ಬಡಿಸುವವರೆಗೆ ಅರ್ಧ ಗಂಟೆ ಹಿಡಿಯುವುದಿಲ್ಲ. ಸಾಮಾನು ಇಷ್ಟು ಕಡಿಮೆ ಇರುವುದರಿಂದಲೇ ಇದರಲ್ಲಿ ಮಸಾಲೆಯ ಮರೆಯಲ್ಲಿ ಅಡಗಿಸಲು ಏನೂ ಇರುವುದಿಲ್ಲ. ನೀರಿನ ಉಪ್ಪು, ಬೆಳ್ಳುಳ್ಳಿಯ ಬಣ್ಣ ಮತ್ತು ಕೊನೆಯಲ್ಲಿ ಎಣ್ಣೆಗೂ ಪಾಸ್ತಾ ಬೆಂದ ನೀರಿಗೂ ಆಗುವ ಕೂಡಿಕೆ, ಈ ಮೂರರ ಮೇಲೆ ಇಡೀ ರುಚಿ ನಿಂತಿದೆ.

ಮೊದಲು ಪಾಸ್ತಾದ ವಿಚಾರ, ಏಕೆಂದರೆ ಮುದ್ದೆಯಾಗುವುದಕ್ಕೆ ಅರ್ಧ ಕಾರಣ ಅಲ್ಲಿಯೇ ಇರುತ್ತದೆ. ಪೊಟ್ಟಣದ ಹಿಂಬದಿಯಲ್ಲಿರುವ ಪದಾರ್ಥಗಳ ಪಟ್ಟಿಯನ್ನು ಓದಿ ಕೊಳ್ಳಿರಿ. ಅದರಲ್ಲಿ ಮೈದಾ ಎಂದಿದ್ದರೆ ಅಂಗಡಿಯಲ್ಲಿಯೇ ಬಿಟ್ಟುಬಿಡಿ. ಡ್ಯೂರಮ್ ಗೋಧಿಯ ರವೆಯಿಂದ ಮಾಡಿದ್ದು ಎಂದಿರಬೇಕು. ಡ್ಯೂರಮ್ ಗೋಧಿಯ ಕಾಳು ಬಹಳ ಗಟ್ಟಿ, ರವೆ ಹಳದಿ ಛಾಯೆಯದ್ದು, ಕುದಿಯುವ ನೀರಿನಲ್ಲಿಯೂ ಎಳೆಯ ಕಟ್ಟು ಬಿಡದಂತೆ ಹಿಡಿದುಕೊಳ್ಳುವ ಅಂಟು ಅದರಲ್ಲಿ ಹೆಚ್ಚು. ಇಟಲಿಯಲ್ಲಿ ಒಣ ಪಾಸ್ತಾವನ್ನು ಈ ಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನನ್ನೇ ತಂದರು. ಉತ್ತರ ಕರ್ನಾಟಕದ ರೈತರಿಗೂ ಈ ಗೋಧಿ ಹೊಸದಲ್ಲ. ಬಿಜಗ ಯೆಲ್ಲೋ ಎಂಬ ತಳಿ ಇದೇ ಜಾತಿಗೆ ಸೇರಿದ್ದು. ಹೀಗಾಗಿ ಇದು ಬರೀ ವಿದೇಶದ ಸರಕು ಎಂದುಕೊಂಡು ದುಬಾರಿ ಪೊಟ್ಟಣವನ್ನೇ ಹುಡುಕಬೇಕಾಗಿಲ್ಲ. ನಮ್ಮ ದೇಶದಲ್ಲಿಯೇ ಡ್ಯೂರಮ್ ರವೆಯಿಂದ ಮಾಡಿದ ಸ್ಪಗೆಟಿ ದೊಡ್ಡ ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ ಮತ್ತು ಈ ಅಡುಗೆಗೆ ಅದು ಸಾಕು.

ಇಬ್ಬರಿಗೆ 200 ಗ್ರಾಂ ಸ್ಪಗೆಟಿ ತೆಗೆದುಕೊಳ್ಳಿ. 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು ಎಂಬುದು ಇಟಲಿಯ ಮನೆಗಳ ರೂಢಿಯ ಅಳತೆ. ಈ ಅಡುಗೆಗೆ ಮಾತ್ರ ನಾನು ನೀರನ್ನು ಒಂದೂವರೆ ಲೀಟರಿಗೆ, ಉಪ್ಪನ್ನು 15 ಗ್ರಾಂಗೆ, ಅಂದರೆ ಒಂದು ಟೇಬಲ್ ಚಮಚಕ್ಕಿಂತ ತುಸು ಕಡಿಮೆಗೆ ಇಳಿಸುತ್ತೇನೆ. ನೀರು ಕಡಿಮೆಯಾದಷ್ಟೂ ಪಾಸ್ತಾ ಬಿಡುವ ಪಿಷ್ಟ ಅದರಲ್ಲಿ ದಟ್ಟವಾಗಿರುತ್ತದೆ, ಆ ಪಿಷ್ಟದ ಕೆಲಸ ಮುಂದೆ ಇದೆ. ಉಪ್ಪು ಹೆಚ್ಚಾಯಿತೆಂದು ಗಾಬರಿಯಾಗಬೇಡಿ. ಅದರಲ್ಲಿ ಬಹುಪಾಲು ನೀರಿನಲ್ಲಿಯೇ ಉಳಿಯುತ್ತದೆ, ಮತ್ತು ಎಳೆಯ ಒಳಗೆ ಉಪ್ಪು ಇಳಿಯಲು ಬೇಯುವ ಹೊತ್ತನ್ನು ಬಿಟ್ಟರೆ ಬೇರೆ ಅವಕಾಶವಿಲ್ಲ. ನೀರು ಉಕ್ಕಿ ಮಳ್ಳುವಾಗ ಸ್ಪಗೆಟಿಯನ್ನು ಮುರಿಯದೆ ಬೋಗುಣಿಗೆ ಇಳಿಬಿಡಿ. ಅರ್ಧ ನಿಮಿಷದಲ್ಲಿ ಬುಡ ಮೆತ್ತಗಾಗಿ ಉಳಿದದ್ದು ತಾನಾಗಿ ಒಳಗೆ ಜಾರುತ್ತದೆ. ಆಮೇಲಿನ ಎರಡು ನಿಮಿಷ ಬೋಗುಣಿಯ ಬಳಿಯಿಂದ ಕದಲದೆ ಕೈಯಾಡಿಸಿ. ಎಳೆಯ ಮೈಮೇಲಿನ ಪಿಷ್ಟ ಅಂಟಂಟಾಗುವುದು ಆಗಲೇ. ಆ ಹೊತ್ತಿನಲ್ಲಿ ಒಂದಕ್ಕೊಂದು ಹತ್ತಿಕೊಂಡ ಎಳೆಗಳು ಮುಂದೆ ಬಿಡಿಸಿಕೊಳ್ಳುವುದಿಲ್ಲ. ಅಂಟಬಾರದೆಂದು ನೀರಿಗೆ ಎಣ್ಣೆ ಹಾಕುವ ಅಭ್ಯಾಸ ಹಲವರಿಗಿದೆ. ಎಣ್ಣೆ ನೀರಿನ ಮೇಲೆಯೇ ತೇಲುತ್ತದೆ, ಬಸಿಯುವಾಗ ಎಳೆಗೆ ಸವರಿಕೊಂಡು ಮೇಲಿನ ರಸ ಹಿಡಿಯದಂತೆ ಮಾಡುತ್ತದೆ.

ನಮ್ಮ ಕಡೆಯವರು ಸೋಲುವ ಮುಖ್ಯ ಜಾಗ ಇನ್ನೊಂದಿದೆ. ಶ್ಯಾವಿಗೆಯನ್ನು ಬೇಯಿಸಿ, ಪೂರ್ತಿ ಬಸಿದು, ತಣ್ಣೀರು ಹಾಕಿ, ಉದುರುದುರಾಗಿ ಮಾಡಿಕೊಳ್ಳುವ ಕೈ ನಮ್ಮದು; ಅದೇ ಕೈ ಸ್ಪಗೆಟಿಗೂ ತಣ್ಣೀರು ಸುರಿಯುತ್ತದೆ. ಶ್ಯಾವಿಗೆಗೆ ಅದು ಸರಿ, ಅದಕ್ಕೆ ಮೇಲಿಂದ ಹಾಲು, ಬೆಲ್ಲ, ತುಪ್ಪ ಬರುವುದಿದೆ. ಸ್ಪಗೆಟಿಯ ಮೈಮೇಲಿನ ಪಿಷ್ಟ ತೊಳೆದುಹೋದರೆ ಎಣ್ಣೆ ಹಿಡಿದು ನಿಲ್ಲುವ ಜಾಗವೇ ಇರುವುದಿಲ್ಲ. ತಟ್ಟೆಯ ತಳದಲ್ಲಿ ಎಣ್ಣೆ ಕೊಳದಂತೆ ನಿಂತಿರುತ್ತದೆ, ಎಳೆ ಮಾತ್ರ ಸಪ್ಪಗಿರುತ್ತದೆ. ಆದ್ದರಿಂದ ತೊಳೆಯಬೇಡಿ, ಬೆಂದ ನೀರನ್ನು ಚೆಲ್ಲಲೂ ಬೇಡಿ.

ಈಗ ಬೆಳ್ಳುಳ್ಳಿ. ಸ್ಪಗೆಟಿ ನೀರಿಗೆ ಬಿದ್ದ ಮೇಲೆ ಪಕ್ಕದ ಒಲೆಯಲ್ಲಿ ಅಗಲವಾದ ಬಾಣಲೆ ಇಡಿ. ದಪ್ಪ ಎಸಳಾದರೆ ಐದು, ನಮ್ಮ ಸಣ್ಣ ನಾಟಿ ಬೆಳ್ಳುಳ್ಳಿಯಾದರೆ ಹತ್ತು ಹನ್ನೆರಡು ಎಸಳು ಸುಲಿದು, ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ, ಎಲ್ಲವೂ ಒಂದೇ ದಪ್ಪ ಬರುವಂತೆ ಹೆಚ್ಚಿ. ಜಜ್ಜಿದ ಬೆಳ್ಳುಳ್ಳಿ ಇಲ್ಲಿ ಬೇಡ. ಅದು ಎಲ್ಲಕ್ಕಿಂತ ಮೊದಲು ಕರಕಲಾಗುತ್ತದೆ. ನಾಲ್ಕು ಟೇಬಲ್ ಚಮಚ, ಅಂದರೆ ಸುಮಾರು 60 ಮಿಲಿ ಲೀಟರ್ ಎಣ್ಣೆಯನ್ನು ಬಾಣಲೆಗೆ ಹಾಕಿ, ಅದು ತಣ್ಣಗಿರುವಾಗಲೇ ಬೆಳ್ಳುಳ್ಳಿಯನ್ನು ಬಿಡಿ, ಆಮೇಲೆ ಸಣ್ಣ ಉರಿ ಹಚ್ಚಿ. ಸಾಸಿವೆ ಚಟಪಟಿಸುವಷ್ಟು ಎಣ್ಣೆ ಕಾದಮೇಲೆ ಬೆಳ್ಳುಳ್ಳಿ ಹಾಕುವ ನಮ್ಮ ಒಗ್ಗರಣೆಯ ಕ್ರಮಕ್ಕೆ ಇದು ನೇರ ವಿರುದ್ಧ. ಎಣ್ಣೆಯೂ ಬೆಳ್ಳುಳ್ಳಿಯೂ ಜೊತೆಯಾಗಿ ನಿಧಾನಕ್ಕೆ ಬಿಸಿಯಾದರೆ ಬೆಳ್ಳುಳ್ಳಿಯ ಸಾರ ಎಣ್ಣೆಗೆ ಇಳಿಯಲು ಸಮಯ ಸಿಗುತ್ತದೆ. ಬಾಣಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿ: ಮೊದಲು ಪ್ರತಿ ಬಿಲ್ಲೆಯ ಸುತ್ತ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ, ಹಸಿ ವಾಸನೆ ಹೋಗಿ ಸಿಹಿಯಾದ ಘಮ ಬರುತ್ತದೆ, ಆಮೇಲೆ ಬಿಲ್ಲೆಯ ಅಂಚು ಮಾತ್ರ ತಿಳಿ ಹೊಂಬಣ್ಣಕ್ಕೆ ತಿರುಗುತ್ತದೆ, ನಡುಭಾಗ ಇನ್ನೂ ಬೆಳ್ಳಗಿರುತ್ತದೆ. ಅಷ್ಟಾದಾಗ ಮುರಿದ ಎರಡು ಒಣಮೆಣಸಿನಕಾಯಿ ಹಾಕಿ, ಕ್ಷಣ ಹೊತ್ತು ಬಿಟ್ಟು, ಬೋಗುಣಿಯಿಂದ ಒಂದು ಸೌಟು ನೀರು ಸುರಿದುಬಿಡಿ. ಚುರ್ ಎಂದು ಎರಚುತ್ತದೆ, ಕೈ ದೂರವಿರಲಿ. ನೀರು ಬಿದ್ದೊಡನೆ ಎಣ್ಣೆಯ ಕಾವು ಇಳಿದು ಬೆಳ್ಳುಳ್ಳಿ ಅಲ್ಲಿಗೇ ನಿಲ್ಲುತ್ತದೆ. ಕಂದು ಬಣ್ಣಕ್ಕೆ ಹೋದ ಬೆಳ್ಳುಳ್ಳಿ ಕಹಿ, ಆ ಕಹಿ ಎಣ್ಣೆಯಲ್ಲೆಲ್ಲ ಹರಡಿರುತ್ತದೆ. ಹಾಗೇನಾದರೂ ಆದರೆ ಎಣ್ಣೆಯ ಮೇಲೆ ಮರುಕ ತೋರದೆ ಬಾಣಲೆ ತೊಳೆದು ಮತ್ತೆ ಆರಂಭಿಸಿ.

ಪೊಟ್ಟಣದ ಮೇಲೆ 10 ನಿಮಿಷ ಎಂದಿದ್ದರೆ 8ನೆಯ ನಿಮಿಷಕ್ಕೆ ಸ್ಪಗೆಟಿಯನ್ನು ಇಕ್ಕಳದಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಎತ್ತಿ ಬಾಣಲೆಗೆ ಹಾಕಿ. ಒಂದು ಎಳೆ ಕಚ್ಚಿ ನೋಡಿದರೆ ನಡುವೆ ದಾರದಷ್ಟು ಬಿಳಿ ಗಟ್ಟಿ ಕಾಣಬೇಕು. ಉರಿ ಹೆಚ್ಚಿಸಿ, ಇನ್ನೊಂದು ಸೌಟು ನೀರು ಹಾಕಿ, ಎರಡು ನಿಮಿಷ ಬಿಡದೆ ಕಲಕುತ್ತಾ ಬಾಣಲೆಯನ್ನು ಹಿಂದೆ ಮುಂದೆ ಜಾಡಿಸಿ. ಬೇರೆ ಹೊತ್ತಿನಲ್ಲಿ ಒಂದನ್ನೊಂದು ಸೇರದ ಎಣ್ಣೆಯೂ ನೀರೂ ಈ ಜಾಡಿಸುವಿಕೆಗೆ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತವೆ, ಪಿಷ್ಟ ಆ ಹನಿಗಳನ್ನು ಮತ್ತೆ ಕೂಡಿ ಬೇರ್ಪಡದಂತೆ ತಡೆಯುತ್ತದೆ. ತಿಳಿಯಾಗಿದ್ದದ್ದು ಮಬ್ಬಾಗಿ, ತೆಳು ಕೆನೆಯಂತೆ ಪ್ರತಿ ಎಳೆಗೂ ಲೇಪವಾಗಿ ಹತ್ತುತ್ತದೆ. ಹಾಲಿನ ಕೆನೆ ಹಾಕದೆಯೇ ಬರುವ ಈ ನುಣುಪನ್ನು ಕಂಡಾಗ ನನಗೆ ಈಗಲೂ ಸಂತೋಷವಾಗುತ್ತದೆ. ಉಪ್ಪು ನೋಡಿ, ಇಳಿಸಿ, ಕೂಡಲೇ ಬಡಿಸಿ. ಈರುಳ್ಳಿ, ಟೊಮೆಟೊ ಹಾಕಿದ ನಿಮ್ಮ ಹಳೆಯ ಪಾಸ್ತಾ ರುಚಿಯಾದ ಅಡುಗೆಯೇ, ಅದನ್ನು ಬಿಡಬೇಕಾಗಿಲ್ಲ. ಆದರೆ ಈ ಬಾಣಲೆಗೆ ಜೀರಿಗೆ, ಕರಿಬೇವು, ಗರಂ ಮಸಾಲೆ ಯಾವುದನ್ನೂ ತರಬೇಡಿ. ಪಾರ್ಸ್ಲಿ ಸಿಗದಿದ್ದರೆ ಸೊಪ್ಪಿಲ್ಲದೆಯೇ ಮಾಡಿ. ಕೊತ್ತಂಬರಿಯ ವಾಸನೆ ಬಲವಾದದ್ದು, ಬೆಳ್ಳುಳ್ಳಿಯನ್ನು ಹಿಂದಕ್ಕೆ ತಳ್ಳುತ್ತದೆ.

ಪ್ರಶ್ನೆ: ಆಲಿವ್ ಎಣ್ಣೆ ದುಬಾರಿ. ನಮ್ಮಲ್ಲಿ ಗಾಣದ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಒಳ್ಳೆಯವು ಸಿಗುತ್ತವೆ. ಅವುಗಳಲ್ಲಿ ಮಾಡಬಾರದೇ?
– ಓದುಗರು, ಗಂಗಾವತಿ

ಉತ್ತರ: ಮಾಡಬಹುದು, ಆದರೆ ಬೇರೆ ಅಡುಗೆಯಾಗುತ್ತದೆ. ಹೆಸರಿನಲ್ಲಿಯೇ ಎಣ್ಣೆ ಇರುವ ಈ ತಿನಿಸಿನಲ್ಲಿ ಎಣ್ಣೆ ಬರೀ ಹುರಿಯುವ ಸಾಧನವಲ್ಲ, ಅದೇ ರಸ. ಗಾಣದ ಶೇಂಗಾ ಎಣ್ಣೆಯ ಕಂಪು ಬೆಳ್ಳುಳ್ಳಿಗೆ ಚೆನ್ನಾಗಿ ಹೊಂದುತ್ತದೆ, ತಿನ್ನಲು ಸೊಗಸಾಗಿಯೇ ಇರುತ್ತದೆ, ಆದರೆ ಇಟಲಿಯ ರುಚಿ ಅಲ್ಲಿರುವುದಿಲ್ಲ. ಖರ್ಚು ತಗ್ಗಿಸಬೇಕೆಂದಿದ್ದರೆ ರಿಫೈನ್ಡ್ ಕುಸುಬಿ ಎಣ್ಣೆಯಲ್ಲಿ, ಅದಕ್ಕೆ ಸ್ವಂತ ವಾಸನೆ ಕಡಿಮೆಯಾದ್ದರಿಂದ, ಬೆಳ್ಳುಳ್ಳಿಯನ್ನು ಕಾಯಿಸಿ, ಒಲೆ ಆರಿಸಿದ ಮೇಲೆ ಒಂದು ಟೇಬಲ್ ಚಮಚ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಬೆರೆಸಿ. ಕೊಳ್ಳುವಾಗ ಸಣ್ಣ ಶೀಸೆಯನ್ನೇ ಕೊಳ್ಳಿ. ಅದರ ಮೇಲೆ ಎಕ್ಸ್‌ಟ್ರಾ ವರ್ಜಿನ್ ಎಂದೇ ಇರಬೇಕು. ಹಣ್ಣನ್ನು ರಾಸಾಯನಿಕವಿಲ್ಲದೆ ಹಿಂಡಿ ತೆಗೆದ, ಆಮ್ಲೀಯತೆ ಶೇ 0.8 ಮೀರದ ಎಣ್ಣೆಗೆ ಮಾತ್ರ ಆ ಹೆಸರು. ಪೊಮೇಸ್ ಎಂದು ಬರೆದದ್ದು ಹಿಂಡಿ ಉಳಿದ ಹಿಪ್ಪೆಯಿಂದ ದ್ರಾವಕ ಬಳಸಿ ತೆಗೆದು ಶುದ್ಧೀಕರಿಸಿದ್ದು, ಕರಿಯಲು ಆದೀತು, ಇಲ್ಲಿಗೆ ಪ್ರಯೋಜನವಿಲ್ಲ. ಶೀಸೆಯನ್ನು ಒಲೆಯ ಪಕ್ಕದ ಕಪಾಟಿನಲ್ಲಿಡಬೇಡಿ. ನಮ್ಮ ಬೇಸಿಗೆಯ ಕಾವು ಮತ್ತು ಬೆಳಕಿಗೆ ಅದು ಬೇಗ ಕಮಟಾಗುತ್ತದೆ.

ಪ್ರಶ್ನೆ: ನಾವು ಮೆಣಸಿನಕಾಯಿ ಬೆಳೆಯುವವರು. ಮನೆಯಲ್ಲಿ ಬ್ಯಾಡಗಿಯೂ ಇದೆ, ಗುಂಟೂರೂ ಇದೆ. ಇದಕ್ಕೆ ಯಾವುದು?
– ಓದುಗರು, ಸಿರುಗುಪ್ಪ

ಉತ್ತರ: ಎರಡನ್ನೂ ಬಳಸಿ. 1492ರ ಕೊಲಂಬಸ್‌ ಯಾನದ ನಂತರವೇ ಅಮೆರಿಕದ ಮೆಣಸಿನಕಾಯಿ ಇಟಲಿಗೂ ನಮಗೂ ಬಂದದ್ದು. ದಕ್ಷಿಣ ಇಟಲಿಯ, ಅದರಲ್ಲೂ ಕಲಾಬ್ರಿಯಾದ ಜನ ಅದನ್ನು ನಮ್ಮಷ್ಟೇ ಪ್ರೀತಿಯಿಂದ ಹಚ್ಚಿಕೊಂಡಿದ್ದಾರೆ. ಅವರು ಹಾಕುವುದು ಸಣ್ಣ, ಖಾರದ ಕಾಯಿ. ಬ್ಯಾಡಗಿ ಒಂದನ್ನೇ ಹಾಕಿದರೆ ಬಣ್ಣ ಬಂದೀತು, ಚುರುಕು ಬರುವುದಿಲ್ಲ. ಗುಂಟೂರು ಒಂದನ್ನೇ ಹಾಕಿದರೆ ಬೆಳ್ಳುಳ್ಳಿಯ ಸಿಹಿ ನಾಲಿಗೆಗೆ ತಾಕುವುದಿಲ್ಲ. ಬೀಜ ಉದುರಿಸಿದ ಒಂದು ಬ್ಯಾಡಗಿ, ಅರ್ಧ ಗುಂಟೂರು ಇಬ್ಬರಿಗೆ ಸಾಕು. ಪುಡಿ ಬೇಡ, ಎಣ್ಣೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಸೀಯುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಮೇಲೆ ಚೀಸ್ ತುರಿದು ಹಾಕಬೇಕೇ?
– ಓದುಗರು, ಕುಷ್ಟಗಿ

ಉತ್ತರ: ಬೇಕಾಗಿಲ್ಲ, ನೇಪಲ್ಸ್‌ನ ರೂಢಿಯಲ್ಲಿ ಈ ಅಡುಗೆಗೆ ಚೀಸ್ ಇಲ್ಲ. ಹಾಕಲೇಬೇಕೆಂದಿದ್ದರೆ ಒಂದು ಸಂಗತಿ ತಿಳಿದಿರಬೇಕು: ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸಿನಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಪೆಕೊರಿನೊ ರೊಮಾನೊದಲ್ಲಿ ಕುರಿಮರಿಯದ್ದು. ಹಾಲಿನ ಪದಾರ್ಥವಲ್ಲವೇ ಎಂದು ನಂಬಿ ಕೊಳ್ಳದೆ, ಹಸಿರು ಚುಕ್ಕೆ ನೋಡಿ ಕೊಳ್ಳಿ. ಕರಕರ ಬೇಕೆನಿಸಿದರೆ ಒಣಗಿದ ಬ್ರೆಡ್ಡನ್ನು ಪುಡಿ ಮಾಡಿ, ಒಂದು ಚಮಚ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು ಮೇಲೆ ಉದುರಿಸಿ. ದಕ್ಷಿಣ ಇಟಲಿಯಲ್ಲಿ ಚೀಸಿನ ಬದಲು ಹೀಗೆ ಮಾಡುವ ಹಳೆಯ ಪದ್ಧತಿಯೇ ಇದೆ. ನನಗೆ ಚೀಸಿಗಿಂತ ಇದೇ ಹೆಚ್ಚು ಒಪ್ಪುತ್ತದೆ.

ಪ್ರಶ್ನೆ: ಮಕ್ಕಳ ಡಬ್ಬಿಗೆ ಕಟ್ಟಬಹುದೇ?
– ಓದುಗರು, ಕೊಪ್ಪಳ

ಉತ್ತರ: ಇದನ್ನು ಕಟ್ಟಬೇಡಿ. ಆರಿದ ಮೇಲೆ ಪಿಷ್ಟ ಬಿಗಿದುಕೊಳ್ಳುತ್ತದೆ, ಎಣ್ಣೆ ಬೇರೆಯಾಗುತ್ತದೆ, ಮಕ್ಕಳಿಗೆ ಸಿಗುವುದು ಜಿಡ್ಡಾದ ಗಂಟು. ಡಬ್ಬಿಗೆ ಟೊಮೆಟೊ ರಸದ ಪಾಸ್ತಾ ಮಾಡಿ, ಅದಕ್ಕೂ ಸ್ಪಗೆಟಿಗಿಂತ ಕೊಳವೆಯಾಕಾರದ ಪೆನ್ನೆ ವಾಸಿ. ರಾತ್ರಿಯದ್ದು ಮನೆಯಲ್ಲಿ ಉಳಿದಿದ್ದರೆ ಫ್ರಿಜ್ಜಿನಲ್ಲಿಟ್ಟು, ಮರುದಿನ ಬಾಣಲೆಯಲ್ಲಿ ಮೂರು ನಾಲ್ಕು ಚಮಚ ಕುದಿನೀರು ಹಾಕಿ ಸಣ್ಣ ಉರಿಯಲ್ಲಿ ಎಳೆ ಬಿಡಿಸುತ್ತಾ ಬಿಸಿ ಮಾಡಿ.